ಡ್ರೂಸಿಯ ದೋಣಿಯ ಇನ್ನೊಂದರ್ಧ

ಬ್ರಾಡ್‌ವೇಯಲ್ಲಿ ದೀಪ ಹೊತ್ತಿಸಿದ ದಿನದಿಂದ ಇವತ್ತಿನವರೆಗೆ 'ಡ್ರೂಸಿಯ ದೋಣಿ' ನಾಟಕವನ್ನು ತನ್ನಷ್ಟು ಸಲ ನೋಡಿದ ಜೀವ ಇನ್ನೊಂದಿಲ್ಲ, ಅದರ ನಾಯಕಿ ಕೂಡ ಅಷ್ಟು ಸಲ ನೋಡಿಲ್ಲ, ಯಾಕೆಂದರೆ ಅವಳು ಪಾಪ ಆಡುವುದರಲ್ಲಿ ಮುಳುಗಿದ್ದಳು. ಇದು ವಿನಿ ಮುಲ್ಕೀನ್ ಮುದುಕಿಯ ಜಂಬ. ಇದರಲ್ಲಿ ಅರ್ಧ ಸುಳ್ಳು ಎಂದು ಅವಳೇ ನಗುತ್ತ ಒಪ್ಪಿಕೊಳ್ಳುತ್ತಾಳೆ. ಯಾವ ಅರ್ಧ ಎಂದು ಕೇಳಿದರೆ ಮಾತ್ರ ಅವಳಿಗೆ ಕಿವಿ ಕೇಳಿಸುವುದಿಲ್ಲ.

ಆ ಅರ್ಧ ಇಷ್ಟೇ. ಐವತ್ತು ವರ್ಷಕ್ಕೂ ಹಿಂದೆ, ವಿನಿ ಇನ್ನೂ ಹೋಟೆಲೊಂದರ ನೆಲಮಾಳಿಗೆಯಲ್ಲಿ ಊರಿನವರೆಲ್ಲ ಮಲಗೆದ್ದ ಹಾಸಿಗೆ ಬಟ್ಟೆ ಒಗೆಯುತ್ತಿದ್ದಾಗ, ನಾಟಕದ ಟಿಕೆಟ್ ಎನ್ನುವುದು ಅವಳ ಪಾಲಿಗೆ ಆಕಾಶದ ಹಣ್ಣು. ಆದರೆ ಕೈಯಲ್ಲಿ ಕಾಸಿಲ್ಲದವರಿಗೆ ಈ ಊರಿನಲ್ಲಿ ಒಂದು ದಾರಿ ಇತ್ತು. ಇಂಟರ್ವಲ್ಲಿನಲ್ಲಿ ಸಿಗರೇಟು ಸೇದಲು ಜನ ಬೀದಿಗೆ ಬರುತ್ತಾರಲ್ಲ, ಅವರ ನಡುವೆ ಹೋಗಿ ನಿಲ್ಲುವುದು. ಗಂಟೆ ಹೊಡೆದಾಗ ಅವರ ಜೊತೆಗೇ ಒಳಗೆ ನುಗ್ಗಿ, ಎಲ್ಲಿ ಸೀಟು ಖಾಲಿಯೋ ಅಲ್ಲಿ ಕೂರುವುದು. ಟಿಕೆಟ್ ಕೇಳುವವನಿಗೂ ಆಗ ಸಿಗರೇಟಿನದೇ ಧ್ಯಾನ.

ಇದಕ್ಕೆ ಒಂದು ಗುಟ್ಟು ಬೇಕು: ಮೈಮೇಲೆ ಕೋಟು ಇರಕೂಡದು. ಒಳಗಿಂದ ಬಂದವರು ಕೋಟನ್ನು ಸೀಟಿನ ಮೇಲೆ ಬಿಟ್ಟು ಬಂದಿರುತ್ತಾರೆ. ಕೋಟು ತೊಟ್ಟು ನಿಂತವಳು ಬೀದಿಯವಳು ಎಂದು ಕುರುಡನಿಗೂ ತಿಳಿಯುತ್ತದೆ. ಹಾಗಾಗಿ ವಿನಿ ಜನವರಿಯ ಚಳಿಯಲ್ಲಿ, ನಾಯಿ ಬೊಗಳಿದರೆ ಬೊಗಳಿದ ಸದ್ದೇ ಹೆಪ್ಪುಗಟ್ಟಿ ನೆಲಕ್ಕೆ ಬೀಳುವಂಥ ಚಳಿಯಲ್ಲಿ, ತೆಳ್ಳನೆಯ ಒಂದು ಅಂಗಿ ತೊಟ್ಟು ಒಂಬತ್ತನೇ ಅವೆನ್ಯೂವಿನಿಂದ ನಡೆದು ಬರುತ್ತಿದ್ದಳು. ಹಲ್ಲು ಕಟಕಟ ಅನ್ನುತ್ತಿದ್ದರೂ ಮುಖದ ಮೇಲೆ ಮಾತ್ರ ಅಬ್ಬಾ ಒಳಗೆ ಎಷ್ಟು ಸೆಕೆ ಎನ್ನುವ ಬಿಂಕ.

ಹೀಗೆ ಅವಳು 'ಡ್ರೂಸಿಯ ದೋಣಿ'ಯ ಕೊನೆಯರ್ಧವನ್ನು ಬಾಯಿಪಾಠ ಆಗುವಷ್ಟು ನೋಡಿದಳು. ಮೊದಲರ್ಧವನ್ನು ಒಂದು ಸಲವೂ ನೋಡಲಿಲ್ಲ.

ಆ ಕೊನೆಯರ್ಧದಲ್ಲಿ ಒಂದು ಘಟ್ಟ ಇತ್ತು. ಹಾಡಿಲ್ಲ, ಮಾತಿಲ್ಲ. ಬಿರುಗಾಳಿ ನಿಂತ ಮೇಲೆ ದೋಣಿಗಾತಿ ಡ್ರೂಸಿ ಕಟ್ಟೆಯ ಮೇಲೆ ಕೂತು, ಕಾಲಲ್ಲಿದ್ದ ಗಂಡಸರ ದೊಡ್ಡ ಬೂಟುಗಳ ದಾರ ಬಿಚ್ಚುತ್ತಾಳೆ. ಎರಡನ್ನೂ ಜೋಡಿಸಿ ಮೂತಿಯನ್ನು ನೀರಿನ ಕಡೆಗೆ ತಿರುಗಿಸಿ ಇಡುತ್ತಾಳೆ. ಬರಿಗಾಲಲ್ಲಿ ಎದ್ದು ಹೋಗುತ್ತಾಳೆ. ಅಷ್ಟೇ. ಸಾವಿರ ಜನ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಬೂಟು ಯಾರದೆಂದು ಮೊದಲರ್ಧ ನೋಡಿದವರಿಗೆ ಗೊತ್ತು. ವಿನಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಅವಳೇ ಹೊಲಿದುಕೊಂಡಳು: ಡ್ರೂಸಿಯ ಗಂಡ ನದಿಯಲ್ಲಿ ಮುಳುಗಿ ಸತ್ತ, ಇದು ಅವನ ಬೂಟು. ಮನೆಗೆ ಮರಳುವ ದಾರಿಯಲ್ಲಿ ದಿನಕ್ಕೊಂದು ಎಳೆ ಸೇರಿಸಿ ಅವಳು ಕಟ್ಟಿದ ಆ ಮೊದಲರ್ಧದಲ್ಲಿ ಮದುವೆ ಇತ್ತು, ಜಗಳ ಇತ್ತು, ಲಾಟೀನು ಹಿಡಿದು ಗಂಡನನ್ನು ಹುಡುಕುವ ರಾತ್ರಿಯೂ ಇತ್ತು.

ಅವಳ ಗಂಡ ಜಾರ್ಲತ್, ಬಂದರಿನಲ್ಲಿ ಮೂಟೆ ಹೊರುತ್ತಿದ್ದವನು. ಅವನಿಗೆ ನಾಟಕ ಎಂದರೆ ಅಲರ್ಜಿ. "ಹೊಟ್ಟೆಗೆ ಗುಂಡು ಬಿದ್ದೋನು ಆಸ್ಪತ್ರೆಗೆ ಹೋಗೋದು ಬಿಟ್ಟು ಹಾಡ್ತಾ ನಿಲ್ತಾನಲ್ಲ, ಅದನ್ನ ನೋಡೋಕೆ ದುಡ್ಡು ಬೇರೆ ಕೊಡ್ಬೇಕಾ?" ಅನ್ನುತ್ತಿದ್ದ. ಅವನು ಸತ್ತ ದಿನ ವಿನಿ ಅಳಲಿಲ್ಲ. ಅವನ ಬೂಟುಗಳನ್ನು ತಂದು ಬಾಗಿಲ ಬಳಿ, ಮೂತಿಯನ್ನು ಹಡ್ಸನ್ ನದಿಯ ಕಡೆಗೆ ತಿರುಗಿಸಿ ಇಟ್ಟಳು. ಇವತ್ತಿಗೂ ಅವು ಅಲ್ಲೇ ಇವೆ. ಬಂದವರೆಲ್ಲ ಎಡವುತ್ತಾರೆ, ಬೈಯುತ್ತಾರೆ, ಅವಳು ಕದಲಿಸುವುದಿಲ್ಲ.

ನಾಟಕ ನಿಂತ ಮೇಲೆ ಬರೆದವನ ಇಬ್ಬರು ಹೆಂಡಿರ ಮಕ್ಕಳು ಕೋರ್ಟಿನಲ್ಲಿ ಜುಟ್ಟು ಹಿಡಿದುಕೊಂಡರು. ಐವತ್ತು ವರ್ಷ ಯಾರೂ ಅದನ್ನು ಆಡುವಂತಿರಲಿಲ್ಲ, ಅಚ್ಚು ಹಾಕುವಂತಿರಲಿಲ್ಲ. ಉಳಿದದ್ದು ಹಾಡಿನ ರೆಕಾರ್ಡು ಒಂದೇ. ಕಣ್ಣಿಗೆ ಕಾಣದ್ದಕ್ಕೆ ಭಕ್ತರು ಜಾಸ್ತಿ ಎನ್ನುವ ಹಾಗೆ, ಆ ರೆಕಾರ್ಡು ಕೇಳಿ ಕೇಳಿಯೇ 'ಡ್ರೂಸಿಯ ದೋಣಿ' ಮಹಾನಾಟಕವಾಯಿತು. ಈಗ ಮಕ್ಕಳೂ ಸತ್ತು, ಮೊಮ್ಮಕ್ಕಳು ರಾಜಿಯಾಗಿ, ಬರುವ ಜನವರಿಯಲ್ಲಿ ಅದು ಮತ್ತೆ ರಂಗಕ್ಕೆ ಬರುತ್ತದೆ ಎಂಬ ಸುದ್ದಿ ಹೊರಟಿತು.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಅನ್ನುತ್ತಾರೆ. ಇವರು ಕುಲಾವಿ ಹೊಲಿಸಿ, ಕೂಸಿಗೆ ಹೆಸರಿಟ್ಟು, ಆ ಹೆಸರು ಚೆನ್ನಾಗಿಲ್ಲ ಎಂದು ಮುನಿಸಿಕೊಂಡು ಊಟ ಬಿಟ್ಟರು. ಡ್ರೂಸಿಯ ಟೋಪಿ, ಡ್ರೂಸಿಯ ಚೀಲ, ಡ್ರೂಸಿಯ ಕಾಫಿ ಲೋಟ. ಹೊಸ ನಾಯಕಿಯ ಗಂಟಲು ಸರಿಯಿಲ್ಲ ಎಂದು ಅವಳ ಒಂದು ಸ್ವರವನ್ನೂ ಕೇಳದವರು ತೀರ್ಪು ಕೊಟ್ಟರು. ಲಾಟೀನು ಎಡಗೈಯಲ್ಲಿರಬೇಕೋ ಬಲಗೈಯಲ್ಲೋ ಎಂಬ ವಾದದಲ್ಲಿ ಅಣ್ಣತಮ್ಮಂದಿರಿಬ್ಬರು ಮಾತು ಬಿಟ್ಟರಂತೆ. ಇಬ್ಬರೂ ನಾಟಕ ನೋಡಿದವರಲ್ಲ.

ಇಂಥವರದೇ ಒಂದು ಕೂಟ ಪ್ರತಿ ಭಾನುವಾರ ಮಧ್ಯಾಹ್ನ ಎಂಟನೇ ಅವೆನ್ಯೂವಿನಲ್ಲಿ ಗ್ರೀಕ್ ಮನುಷ್ಯ ಸ್ಟಾವ್ರೋಸನ ಹೋಟೆಲಿನಲ್ಲಿ ಸೇರುತ್ತಿತ್ತು. ವಿನಿ ಅಲ್ಲಿಗೆ ಹೋಗುತ್ತಿದ್ದದ್ದು ಚೆರಿ ಪೈಗಾಗಿ. ಮೊದಲಿನ ಆಟವನ್ನು ಕಣ್ಣಾರೆ ಕಂಡವಳು ಎಂದು ಅವರು ಅವಳಿಗೆ ಪೈ ಕೊಡಿಸುತ್ತಿದ್ದರು. ಅವಳು ತಿನ್ನುತ್ತ ತಿನ್ನುತ್ತಲೇ ಅವರನ್ನು ಮನಸ್ಸಿನಲ್ಲಿ ಕತ್ತೆಗಳ ಸಾಲಿಗೆ ಸೇರಿಸುತ್ತಿದ್ದಳು. ಒಬ್ಬೊಬ್ಬರಿಗೂ ಒಂದೊಂದು ಗೂಟ ಗೊತ್ತುಮಾಡಿ ಇಟ್ಟಿದ್ದಳು.

ಅಲ್ಲಿ ಅವಳಿಗೆ ಒಬ್ಬನೇ ಎದುರಾಳಿ, ಡಾಕ್ಟರ್ ಮಾರ್ಟಿಮರ್ ಗ್ಲಾಸ್‌ಮನ್. ಹಲ್ಲಿನ ಡಾಕ್ಟರಾಗಿ ನಿವೃತ್ತನಾದವನು. ಅವನೂ ಮೊದಲಿನ ಆಟ ನೋಡಿದ್ದವನು. ಪ್ರಪಂಚದಲ್ಲಿರುವುದೆಲ್ಲ ಹುಳುಕು ಹಲ್ಲು, ಕಿತ್ತು ಬಿಸಾಡುವುದಕ್ಕೆ ತಾನೊಬ್ಬ ಸಾಕು ಎನ್ನುವಂತೆ ಅವನ ಮೂಗು ಸದಾ ಮೇಲೆ.

ಆ ಭಾನುವಾರ ಕೂಟದ ಮುಖಂಡಳು ಟಾಬಿತಾ ಕುರ್ಚಿಯ ಮೇಲೆ ಹತ್ತಿ ನಿಂತಳು. ಮೂವತ್ತರ ಹುಡುಗಿ, ಕುತ್ತಿಗೆಯ ಮೇಲೆ ಲಾಟೀನಿನ ಹಚ್ಚೆ.

"ಎಲ್ಲರೂ ಕೇಳಿ! ಥಿಯೇಟರಿನೋರು ಫೋನ್ ಮಾಡಿದ್ರು. ಮೊಟ್ಟಮೊದಲನೇ ಆಟಕ್ಕೆ ನಮ್ಮ ಕೂಟಕ್ಕೆ ಒಂದು ಸೀಟು, ಮುಂದಿನ ಸಾಲಲ್ಲಿ. ಆದ್ರೆ ಹಳೇ ಆಟ ನೋಡಿರೋ ಒಬ್ಬರಿಗೇ ಅಂತೆ."

"ಇಳಿಯಮ್ಮಾ ಕುರ್ಚಿಯಿಂದ," ಅಂದ ಸ್ಟಾವ್ರೋಸ್. "ಒಂದು ಕಾಫಿ ತಗೊಂಡು ಮೂರು ಗಂಟೆ ಕೂರ್ತೀರಿ, ಈಗ ನಿಲ್ಲೋಕೂ ಶುರು ಮಾಡಿದ್ರಾ? ನಾಟಕ ಆಡೋರನ್ನ ಸಹಿಸ್ಕೋಬಹುದು. ನೋಡೋರನ್ನ ದೇವರೇ ಕಾಯ್ಬೇಕು."

ವಿನಿಯ ಚಮಚ ಪೈಯಲ್ಲಿ ನಿಂತಿತು. ಮುಂದಿನ ಸಾಲು. ಪರದೆ ಏಳುವುದರಿಂದ ಶುರು. ಡ್ರೂಸಿ ಮೊದಲ ಸಲ ಬರುವುದು, ಮದುವೆ, ಗಂಡ, ಬೂಟು, ಎಲ್ಲ. ಸಾಯುವುದರೊಳಗೆ ಒಂದು ಸಲ ಆ ಮೊದಲರ್ಧ ನೋಡಬೇಕು ಎಂದು ಅವಳು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿದವಳಲ್ಲ. ಈಗಿನ ಟಿಕೆಟ್ ಕೊಳ್ಳಬೇಕೆಂದರೆ ಅವಳು ತನ್ನೆರಡೂ ಮೂತ್ರಪಿಂಡ ಮಾರಿ, ನೆರೆಮನೆಯವಳದ್ದನ್ನೂ ಕೇಳಬೇಕಿತ್ತು.

"ಇಬ್ಬರಿದೀರಿ," ಅಂದಳು ಟಾಬಿತಾ. "ಇಬ್ಬರೂ ಹಳೇ ಆಟ ಹೇಗಿತ್ತು ಅಂತ ಹೇಳಿ. ಆಮೇಲೆ ಎಲ್ಲರೂ ಕೈಯೆತ್ತಿ ಆರಿಸ್ತೀವಿ. ಡಾಕ್ಟರೇ, ಮೊದಲು ನೀವು."

ಗ್ಲಾಸ್‌ಮನ್ ಗಂಟಲು ಸರಿಮಾಡಿಕೊಂಡ. "ಪರದೆ ಏಳತ್ತೆ. ಮಂಜು. ದೂರದಲ್ಲೊಂದು ಗಂಟೆ. ಮೂರು ಮಕ್ಕಳು ಮೀನಿನ ಬುಟ್ಟಿ ಹೊತ್ತು ಬರ್ತಾರೆ, ಕೊನೇದು ಕುಂಟ್ತಾ ಇರತ್ತೆ. ಆಮೇಲೆ ಡ್ರೂಸಿ, ಬೆನ್ನು ನಮ್ಮ ಕಡೆ." ಹೀಗೆ ಶುರುವಾದವನು ಒಂದೊಂದು ಹೆಜ್ಜೆಯನ್ನೂ ಹೇಳುತ್ತ ಹೋದ. ಕತ್ತೆಗಳೆಲ್ಲ ಕಿವಿ ನಿಮಿರಿಸಿ ಕಣ್ಣೀರು ಒರೆಸಿಕೊಂಡವು. ವಿನಿಯೂ ಪೈ ಮರೆತು ಕೇಳಿದಳು, ಹಸಿದವಳು ಪಕ್ಕದ ಮನೆಯ ಒಗ್ಗರಣೆ ವಾಸನೆ ಕುಡಿಯುವ ಹಾಗೆ. ಆದರೆ ಪಾದ್ರಿ ಬಂದದ್ದೇ, ಅಲ್ಲಿಂದ ಇಂಟರ್ವಲ್‌ವರೆಗೆ ಬರೀ ಕುಣಿತ ಎಂದು ಬಾಯಿ ಮುಚ್ಚಿದ.

"ಎರಡನೇ ಅರ್ಧ?" ಅಂದಳು ಟಾಬಿತಾ.

"ಅದರಲ್ಲೇನಿದೆ? ಬರೀ ಕಣ್ಣೀರು, ಮೂಗು ಸೀಟೋದು. ಹಾಡು ಹೇಗೂ ರೆಕಾರ್ಡಲ್ಲಿದೆ."

ಈಗ ವಿನಿಯ ಸರದಿ.

"ಮೊದಲರ್ಧ ಅಂದ್ರೆ ಏನು ಮಗಳೇ," ಅಂದಳು ವಿನಿ. "ತಡವಾಗಿ ಬಂದೋರು ನಮ್ಮ ಕಾಲು ತುಳ್ಕೊಂಡು ಹೋಗೋದು, ಮುಂದಿರೋಳ ಟೋಪಿ, ಹಿಂದಿರೋನ ಕೆಮ್ಮು. ಅದನ್ನ ಡಾಕ್ಟ್ರು ಹೇಳಾಯ್ತಲ್ಲ. ಊಟದ ವಿಷಯಕ್ಕೆ ಬರೋಣ, ಎಲೆ ತೊಳೆದಿದ್ದನ್ನ ಎಷ್ಟು ಅಂತ ಹೇಳೋದು?"

ಎಲ್ಲರೂ ನಕ್ಕರು. ವಿನಿ ಚಮಚ ಕೆಳಗಿಟ್ಟು ಬೂಟಿನ ಘಟ್ಟ ಹೇಳಿದಳು. ಹೇಳಲಿಲ್ಲ, ಮಾಡಿದಳು. ಬೆಂಚಿನ ತುದಿಗೆ ಸರಿದು, ಇಲ್ಲದ ದಾರ ಬಿಚ್ಚಿ, ಇಲ್ಲದ ಬೂಟು ಕಳಚಿ, ಸ್ಟಾವ್ರೋಸನ ಒರೆಸಿದ ನೆಲದ ಮೇಲೆ ಜೋಡಿಸಿಟ್ಟಳು. "ರೆಕಾರ್ಡಲ್ಲಿ ಕೊನೇ ಹಾಡಿಗೆ ಮುಂಚೆ ಸುಮ್ನೆ ಕರಕರ ಅನ್ನತ್ತಲ್ಲ, ಸೂಜಿ ಸರಿಯಿಲ್ಲ ಅಂತ ತಿಳ್ಕೊಂಡಿದ್ರಲ್ಲ ಇಷ್ಟು ವರ್ಷ? ಅದು ಇದೇ."

ಸ್ಟಾವ್ರೋಸ್ ಕೂಡ ಒರೆಸುವ ಬಟ್ಟೆ ಹಿಡಿದು ನಿಂತುಬಿಟ್ಟಿದ್ದ. ಗೆದ್ದೆ ಎಂದುಕೊಂಡ ವಿನಿಗೆ ಅಷ್ಟಕ್ಕೇ ಸುಮ್ಮನಿರಲು ಆಗಲಿಲ್ಲ. ಚುಚ್ಚದೆ ಬಿಟ್ಟರೆ ಅವಳ ನಾಲಿಗೆಗೆ ಕಜ್ಜಿ.

"ಡಾಕ್ಟ್ರೂ ನೋಡಿದಾರಲ್ಲ, ಕೇಳಿ ಬೇಕಾದ್ರೆ. ಅಲ್ವಾ ಡಾಕ್ಟ್ರೇ? ಬೂಟಿನ ಮೂತಿ ಯಾವ ಕಡೆ ಇತ್ತು?"

ಗ್ಲಾಸ್‌ಮನ್ ಕನ್ನಡಕ ತೆಗೆದು ಒರೆಸಿದ. "ಬಾಗಿಲ ಕಡೆ, ಇನ್ನೆಲ್ಲಿ."

ಅಲ್ಲಿ ಬಾಗಿಲೇ ಇರಲಿಲ್ಲ. ಇದ್ದದ್ದು ನದಿಯ ಕಟ್ಟೆ. ವಿನಿ ಆಗಷ್ಟೇ ಬಾಯಿಗಿಟ್ಟ ಚೆರಿ ಹಣ್ಣು ಅಲ್ಲೇ ನಿಂತಿತು. ಈ ಮನುಷ್ಯ ಕೊನೆಯರ್ಧ ನೋಡಿಯೇ ಇಲ್ಲ!

"ಇರಲಿ ಬಿಡಿ, ವಯಸ್ಸಾಯ್ತು," ಅಂದಳು ಅವಳು ಸಕ್ಕರೆಯಂಥ ದನಿಯಲ್ಲಿ. "ಮುಳುಗಿ ಸತ್ತ ಗಂಡನ ಬೂಟು ಅನ್ನೋದಾದ್ರೂ ನೆನಪಿದೆಯೋ ಇಲ್ವೋ."

ಗ್ಲಾಸ್‌ಮನ್ ಒರೆಸುವುದನ್ನು ನಿಲ್ಲಿಸಿದ. ಕನ್ನಡಕ ಏರಿಸಿಕೊಂಡು, ದವಡೆಯ ಮೂಲೆಯಲ್ಲಿ ಹುಳುಕು ಕಂಡವನಂತೆ ಅವಳ ಮುಖವನ್ನೇ ನೋಡಿದ.

"ಗಂಡಂದಾ?" ಅಂದ ಮೆಲ್ಲಗೆ.

ಬೇರೆ ಯಾರಿಗೂ ಅದರ ಅರ್ಥ ಆಗಲಿಲ್ಲ. ವಿನಿ ಮಾತ್ರ ತಾನು ಸಿಕ್ಕಿಬಿದ್ದೆ ಎಂದು ತಿಳಿದು ಪೈ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಮಿಸೆಸ್ ಮುಲ್ಕೀನ್, ಇಲ್ಲಿ ಸೆಕೆ. ಒಂದ್ನಿಮಿಷ ಹೊರಗೆ ಬರ್ತೀರಾ?"

ಹೊರಗೆ ಇಬ್ಬರೂ ಸ್ಟಾವ್ರೋಸನ ಕಿಟಕಿಗೆ ಬೆನ್ನು ಹಾಕಿ ನಿಂತರು. ಒಳಗೆ ಕೂಟದವರು ಮೂಗು ಗಾಜಿಗೆ ಒತ್ತಿಕೊಂಡಿದ್ದರು.

"ನೀವು ಯಾವಾಗ ಒಳಗೆ ಬಂದ್ರಿ?" ಅಂದ ಅವನು.

"ನೀವು ಯಾವಾಗ ಎದ್ದು ಹೋದ್ರಿ?" ಅಂದಳು ಅವಳು.

ಮೊದಲು ಬಾಯಿಬಿಟ್ಟವಳು ವಿನಿ.

"ನಾನು ಒಗೆಯೋ ಕೆಲಸದೋಳು ಡಾಕ್ಟ್ರೇ. ಇಂಟರ್ವಲ್ಲಲ್ಲಿ ನುಗ್ತಿದ್ದೆ. ನನಗೇನೂ ನಾಚಿಕೆ ಇಲ್ಲ. ಟಿಕೆಟ್ ತಗೊಂಡೂ ಎದ್ದು ಹೋದೋರಿಗೆ ಇರ್ಬೇಕು ನಾಚಿಕೆ."

"ನನಗೆ ಆಗ ಇಪ್ಪತ್ತೆರಡು. ನಾವೆಲ್ಲ ಬುದ್ಧಿವಂತರು. ಇದು ಕಸ ಅಂತ ನಾಟಕ ಶುರುವಾಗೋಕೆ ಮುಂಚೇನೇ ತೀರ್ಮಾನ ಆಗಿತ್ತು. ಇಂಟರ್ವಲ್ಲಲ್ಲಿ ಎದ್ದು ನಿಂತೆ, ನಾಲ್ಕು ಸಾಲಿಗೆ ಕೇಳ್ಸೋ ಹಾಗೆ ಹೇಳಿದೆ, ಮೊಟ್ಟೆ ಕೊಳೆತಿದೆ ಅಂತ ತಿಳಿಯೋಕೆ ಪೂರ್ತಿ ತಿನ್ಬೇಕಾಗಿಲ್ಲ ಅಂತ."

"ಅಯ್ಯೋ ನಿಮ್ಮ ಬಾಯಿಗೆ ನೀವೇ ಮರಗಟ್ಟಿಸೋ ಔಷಧಿ ಹಾಕ್ಕೋಬೇಕಿತ್ತು."

"ಜೊತೇಲಿ ಒಬ್ಬಳಿದ್ದಳು. ರೋಸಲಿನ್. ಬಾ ಅಂದೆ. ನೀನು ಹೋಗು, ನಾನು ನೋಡಿ ಬರ್ತೀನಿ ಅಂದಳು. ಎದುರು ಫುಟ್‌ಪಾತಲ್ಲಿ ಚಳೀಲಿ ಕಾದೆ. ಮುಗಿದ ಮೇಲೆ ಅತ್ತು ಕೆಂಪಾದ ಕಣ್ಣು ಇಟ್ಕೊಂಡು ಬಂದಳು. ನನ್ನ ಮುಖ ನೋಡಿದಳು. ಸುರಂಗದ ರೈಲಿನ ಮೆಟ್ಟಿಲು ಇಳಿದು ಹೋದಳು. ಆಮೇಲೆ ಫೋನ್ ಮಾಡಿದ್ರೂ ತೆಗೀಲಿಲ್ಲ." ಅವನು ಕೈಗವಸು ಬಿಚ್ಚಿ ಮತ್ತೆ ಹಾಕಿಕೊಂಡ. "ಒಳಗೆ ಅವಳು ಏನು ನೋಡಿದಳು ಅಂತ ನನಗೆ ಗೊತ್ತಾಗ್ಬೇಕು. ಅಷ್ಟೇ."

ವಿನಿಗೆ ನಗು ಬಂತು, ತಡೆಯಲು ನೋಡಿದಳು. ತಡೆಯಲಾಗಲಿಲ್ಲ. "ಹಾಗಾದ್ರೆ ಆಗೊಂದು ದಿನ ನಾನು ನಿಮ್ಮ ಸೀಟಲ್ಲೇ ಕೂತಿದ್ನೇನೋ ಡಾಕ್ಟ್ರೇ! ಒಂದು ಸೀಟು ಇನ್ನೂ ಬೆಚ್ಚಗಿತ್ತು ನೋಡಿ. ಯಾವ ಪುಣ್ಯಾತ್ಮ ಕಾಯಿಸಿಟ್ಟು ಹೋದ ಅಂತ ಹರಸಿದ್ದೆ."

"ಇದು ತಮಾಷೆ ಅಲ್ಲ."

"ಅಲ್ಲ. ಹಲ್ಲಿದ್ದೋರಿಗೆ ಕಡ್ಲೆ ಇಲ್ಲ, ಕಡ್ಲೆ ಇದ್ದೋರಿಗೆ ಹಲ್ಲಿಲ್ಲ. ನೀವಂತೂ ಹಲ್ಲಿನ ಡಾಕ್ಟ್ರು, ನಿಮಗೆ ನಾನು ಹೇಳ್ಬೇಕಾ? ಸೀಟು ಒಂದೇ ಇದೆ. ನನಗೆ ಬೇಕಾಗಿರೋದು ಮೊದಲರ್ಧ. ನಿಮಗೆ ಬೇಕಾಗಿರೋದು ಕೊನೇದು. ಒಂದು ಸೀಟಿಗೆ ಎರಡು ಕುಂಡೆ ಒಟ್ಟಿಗೆ ಹಿಡಿಯಲ್ಲ, ಒಂದಾದ್ಮೇಲೆ ಒಂದು ಹಿಡಿಯತ್ತೆ."

ಗ್ಲಾಸ್‌ಮನ್ ಒಪ್ಪಿದ. ಇಂಟರ್ವಲ್ಲಿನಲ್ಲಿ ಅವಳು ಥಿಯೇಟರಿನ ಪಕ್ಕದ ಪ್ರೆಟ್ಜೆಲ್ ತಿಂಡಿಯ ಗಾಡಿಯ ಹತ್ತಿರ ಬರುವುದು, ಟಿಕೆಟ್ ಅವನ ಕೈಗಿಡುವುದು ಎಂದು ಮಾತಾಯಿತು.

"ಕೋಟು ಹಾಕ್ಕೊಂಡು ಬರ್ಬೇಡಿ," ಅಂದಳು ವಿನಿ. "ಟಿಕೆಟ್ ಇದ್ರೂ ಅಷ್ಟೇ. ಕೋಟು ಹಾಕ್ಕೊಂಡೋರನ್ನ ಬಾಗಿಲೋನು ನಿಲ್ಲಿಸಿ ಪ್ರಶ್ನೆ ಕೇಳ್ತಾನೆ. ಒಳಗಿಂದ ಬಂದೋರ ಥರ ನಿಲ್ಬೇಕು. ಸೆಕೆ ಆಗ್ತಿರೋ ಮುಖ ಮಾಡಿ."

ಒಳಗೆ ಬಂದು ಗ್ಲಾಸ್‌ಮನ್ "ಸೀಟು ಮಿಸೆಸ್ ಮುಲ್ಕೀನ್‌ಗೇ ಇರಲಿ" ಅಂದಾಗ ಕೂಟದವರಿಗೆ ದೆವ್ವ ಕಂಡಂತಾಯಿತು. ಈ ಮನುಷ್ಯ ಇದುವರೆಗೆ ಬಸ್ಸಿನಲ್ಲಿ ಬಸುರಿಗೂ ಜಾಗ ಬಿಟ್ಟುಕೊಟ್ಟವನಲ್ಲ. ಟಾಬಿತಾ ಅವನನ್ನು ತಬ್ಬಿಕೊಂಡು ಅತ್ತಳು. ಸ್ಟಾವ್ರೋಸ್ ಎಲ್ಲರಿಗೂ ಬಿಲ್ ಕೊಟ್ಟು ಅಳು ನಿಲ್ಲಿಸಿದ.

ಜನವರಿ ಬಂತು. ಆ ಸಂಜೆ ಥಿಯೇಟರಿನ ಹೊರಗಿನ ಕ್ಯೂ ಬೀದಿ ತಿರುಗಿ, ಇನ್ನೊಂದು ಬೀದಿ ತಿರುಗಿ, ತನ್ನ ಬಾಲವನ್ನು ತಾನೇ ಕಚ್ಚಿಕೊಂಡಿತ್ತು. ಮುನ್ನೂರು ಲಾಟೀನು. ಮಧ್ಯಾಹ್ನದಿಂದ ಹೊಟ್ಟೆಗೆ ಹಿಟ್ಟಿಲ್ಲದೆ ನಿಂತವರ ಜುಟ್ಟಿಗೆಲ್ಲ ಡ್ರೂಸಿಯ ಟೋಪಿ. ತಾವು ಎಷ್ಟು ದೂರದಿಂದ ಬಂದೆವೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಹತ್ತಿರದಿಂದ ಬಂದವರು ನಾಚಿ ಸುಳ್ಳು ಹೇಳುತ್ತಿದ್ದರು. ವಿನಿ ಹಬ್ಬದ ಕೋಟು ತೊಟ್ಟು, ಪೋಪ್ ಕೊಟ್ಟ ಚೀಟಿಯ ಹಾಗೆ ಟಿಕೆಟನ್ನು ಎತ್ತಿ ಹಿಡಿದು, ಅವರೆಲ್ಲರ ಮುಂದೆ ಬೇಕೆಂದೇ ಮೆಲ್ಲಗೆ ನಡೆದು ಒಳಗೆ ಹೋದಳು. ಮುಂಬಾಗಿಲಿನಿಂದ, ಆಟ ಶುರುವಾಗುವ ಮೊದಲು! ಮೆಟ್ಟಿಲ ಕೆಂಪು ಹಾಸು ಇಷ್ಟು ಹೊಸದಾಗಿರುತ್ತದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ಇಂಟರ್ವಲ್ ಹೊತ್ತಿಗೆ ಅದನ್ನು ಜನ ತುಳಿದು ಹಾಕಿರುತ್ತಿದ್ದರು.

ದೀಪ ಆರಿತು. ಕಪ್ಪು ಅಂಗಿಯ ಒಬ್ಬಳು ಕತ್ತಲಲ್ಲಿ ನಡೆದು ಬಂದು ರಂಗದ ನಡುವೆ ನಿಂತಳು.

ಥಿಯೇಟರು ಸಿಡಿಯಿತು. ನಾಯಕಿ ಬಂದ ಕೂಡಲೇ ಅವಳು ಬಾಯಿ ತೆರೆಯುವ ಮೊದಲೇ ಚಪ್ಪಾಳೆ ತಟ್ಟುವುದು ಇಲ್ಲಿನ ಪದ್ಧತಿ. ಈ ಭಕ್ತರಿಗೆ ಐವತ್ತು ವರ್ಷದ ಚಪ್ಪಾಳೆ ಕೂಡಿಬಿದ್ದಿತ್ತು. ಎದ್ದು ನಿಂತರು, ಕಿರುಚಿದರು, ಒಬ್ಬ ಗಡ್ಡದವನು ಮೊಣಕಾಲೂರಿದ. ತನ್ನ ದುಡ್ಡಲ್ಲಿ ಟಿಕೆಟ್ ಕೊಂಡು ಮೇಲಿನ ಮಾಳಿಗೆಯಲ್ಲಿ ಕೂತಿದ್ದ ಟಾಬಿತಾ "ಡ್ರೂಸೀ!" ಎಂದು ಕೂಗಿದ್ದು ನ್ಯೂಜೆರ್ಸಿಗೂ ಕೇಳಿಸಿರಬೇಕು. ಆ ಹೆಂಗಸು ಕೈಯೆತ್ತಿ ಸುಮ್ಮನಿರಿ ಅಂದಷ್ಟೂ ಅದೆಂಥ ವಿನಯ ಎಂದು ಇನ್ನಷ್ಟು ತಟ್ಟಿದರು. ಕೊನೆಗೆ ಸದ್ದಡಗಿದಾಗ ಅವಳು ಹೇಳಿದ್ದು ಇಷ್ಟು: ಫೋನುಗಳನ್ನು ದಯವಿಟ್ಟು ಆಫ್ ಮಾಡಿ, ತುರ್ತು ಬಾಗಿಲುಗಳು ನಿಮ್ಮ ಎರಡೂ ಬದಿಯಲ್ಲಿವೆ.

ವಿನಿ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ನಿಜವಾದ ಡ್ರೂಸಿ ಬಂದಾಗ ಯಾರ ಕೈಯಲ್ಲೂ ಚಪ್ಪಾಳೆ ಉಳಿದಿರಲಿಲ್ಲ. ಬಂದರೂ ಬೆನ್ನು ತೋರಿಸಿಕೊಂಡು ಬಂದಳು, ಡಾಕ್ಟರು ಹೇಳಿದ ಹಾಗೆಯೇ.

ಅವಳ ಕಾಲಲ್ಲಿ ಬೂಟಿರಲಿಲ್ಲ. ವಿನಿ ನಗು ನುಂಗಿ ಮುಂದಕ್ಕೆ ಬಾಗಿದಳು. ಡಾಕ್ಟರು ಏನೇ ಅನ್ನಲಿ, ಈಗ ಗಂಡ ಬರುತ್ತಾನೆ.

ಮೀನಿನ ಬುಟ್ಟಿಯ ಮಕ್ಕಳು ಹೋದರು. ಪಾದ್ರಿ ಬಂದ. ಲಾಟೀನಿನ ಹಾಡು ಬಂತು, ಸುತ್ತಲಿನವರು ರೆಕಾರ್ಡಿನಂತೆ ತುಟಿ ಕುಣಿಸಿದರು. ನದಿ ಎಂದರೆ ಒಂದು ನೀಲಿ ಬಟ್ಟೆ. ಎರಡೂ ಕಡೆಯಿಂದ ಇಬ್ಬರು ಅಲ್ಲಾಡಿಸುತ್ತಿದ್ದದ್ದು ಕಾಣುತ್ತಿತ್ತು, ಅದೂ ತಾಳ ತಪ್ಪಿ. ಗಂಡ ಬರಲಿಲ್ಲ. ಡ್ರೂಸಿಗೆ ಗಂಡನೇ ಇರಲಿಲ್ಲ! ಬದಲಿಗೆ ತಳ್ಳುಗಾಡಿಯ ವ್ಯಾಪಾರಿಯೊಬ್ಬ ಬಂದು, ಬಾಣಲೆ, ಬಾಚಣಿಗೆ, ಬೂಟು ಎಂದು ಕೂಗಿದ. ಡ್ರೂಸಿ "ಕಾಲು ಚಳಿ" ಎಂದು ರೆಕಾರ್ಡಿನಲ್ಲಿಲ್ಲದ ಹಾಡೊಂದನ್ನು ಹಾಡಿದಳು. ಅವನು ಅಳತೆ ಹಾಡಿದ, ಅವಳು ಚೌಕಾಸಿ ಹಾಡಿದಳು, ಊರಿನವರೆಲ್ಲ ಸುತ್ತ ಕುಣಿದು, ಮುಗಿಯುವುದೇ ಇಲ್ಲವೇನೋ ಎನ್ನುವಷ್ಟು ಹೊತ್ತಿನ ಮೇಲೆ ಅವಳು ಒಂದು ಜೊತೆ ಗಂಡಸರ ಬೂಟು ಕೊಂಡಳು. ಅಗ್ಗಕ್ಕೆ. ಕಾಲಿಗೆ ಹಾಕಿಕೊಂಡಳು. ಪರದೆ ಬಿತ್ತು.

ಸುತ್ತ ಎಲ್ಲರೂ ಅಳುತ್ತಿದ್ದರು. ವಿನಿಯ ಕಣ್ಣು ಒಲೆಯಂತೆ ಒಣಗಿತ್ತು. ಬಟ್ಟೆ ಒಗೆಯುವ ಹುಡುಗಿಯೊಬ್ಬಳು ಚಳಿಯಲ್ಲಿ ನಡೆಯುತ್ತ ಕಟ್ಟಿದ ಮೊದಲರ್ಧ ಇದಕ್ಕಿಂತ ನೂರು ಪಾಲು ಮೇಲಿತ್ತು. ಈ ತಳ್ಳುಗಾಡಿಯ ಬೂಟನ್ನು ನಂಬಿ ಅವಳು ಜಾರ್ಲತ್‌ನ ಬೂಟುಗಳನ್ನು ಬಾಗಿಲಲ್ಲಿ ಇಟ್ಟಿದ್ದಳೇ? ಇಷ್ಟು ವರ್ಷ ಬಂದವರೆಲ್ಲ ಎಡವಿದ್ದು ಒಂದು ಚೌಕಾಸಿ ವ್ಯಾಪಾರಕ್ಕೇ?

ಕೋಟನ್ನು ಸೀಟಿನ ಮೇಲೆಯೇ ಬಿಟ್ಟು ಎದ್ದು ಹೊರಗೆ ಬಂದಳು. ಕಾಲು ತಾನಾಗಿಯೇ ಹಳೆಯ ರೂಢಿ ಹಿಡಿದಿತ್ತು.

ಪ್ರೆಟ್ಜೆಲ್ ಗಾಡಿಯ ಪಕ್ಕ ಗ್ಲಾಸ್‌ಮನ್ ನಿಂತಿದ್ದ. ಕೋಟನ್ನು ಸ್ಟಾವ್ರೋಸನ ಹತ್ತಿರ ಬಿಟ್ಟು ಬಂದಿದ್ದ. ತುಟಿ ನೀಲಿಯಾಗಿತ್ತು. ಸೆಕೆಯಾಗುತ್ತಿರುವ ಮುಖ ಮಾಡಲು ಹೋಗಿ ಪಾರ್ಶ್ವವಾಯು ಬಡಿದವನಂತೆ ಕಾಣುತ್ತಿದ್ದ.

"ನಿಮಗೆ ಗೊತ್ತಿತ್ತು!" ಅಂದಳು ವಿನಿ, ಹತ್ತಿರ ಬರುವ ಮೊದಲೇ. "ಗಾಡಿಯೋನ ಬೂಟು ಅಂತ ಗೊತ್ತಿತ್ತು!"

"ಗೊತ್ತಿತ್ತು."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು? ಊರ ಬಾಯೆಲ್ಲ ಬಿಡಿಸಿದ ಡಾಕ್ಟ್ರಲ್ವಾ ನೀವು?"

"ನೀವು ಆ ಬೂಟು ಇಟ್ಟಿದ್ದು ನೋಡಿದೆನಲ್ಲ, ಸ್ಟಾವ್ರೋಸನ ನೆಲದ ಮೇಲೆ. ಆಮೇಲೆ ಹೇಗೆ ಹೇಳ್ಲಿ?" ಅವನ ಹಲ್ಲು ಕಟಕಟ ಅಂದವು. "ಈಗ ಹೇಳಿ ಮಿಸೆಸ್ ಮುಲ್ಕೀನ್. ನಾನು ಎದ್ದು ಹೋಗಿದ್ದು ಸರೀನಾ ತಪ್ಪಾ?"

ವಿನಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಕಸ ಡಾಕ್ಟ್ರೇ. ಅಪ್ಪಟ ಕಸ. ನನ್ನ ಜೀವಮಾನದಲ್ಲಿ ಇಂಥ ಕಸ ನೋಡಿಲ್ಲ. ಎದ್ದು ಹೋಗಿದ್ದು ಸರಿ." ಉಸಿರು ಎಳೆದುಕೊಂಡಳು. "ವಾಪಸ್ ಬರ್ದೇ ಇದ್ದಿದ್ದು ತಪ್ಪು."

ಅವನು ಕೈ ಮುಂದೆ ಚಾಚಿದ.

ವಿನಿ ಟಿಕೆಟನ್ನು ಕೈಯಲ್ಲೇ ಹಿಡಿದು ನಿಂತಳು. ಮಾತು ಕೊಟ್ಟಿದ್ದಳು, ನಿಜ. ಆದರೆ ಮಾತು ಕೊಟ್ಟಾಗ ಅವಳಿಗೆ ಕೊನೆಯರ್ಧದ ಹಸಿವಿರಲಿಲ್ಲ, ಅದು ಬಾಯಿಪಾಠ ಆಗಿತ್ತು. ಈಗ ಹಸಿವು ಹುಟ್ಟಿತ್ತು. ಗಂಡನದಲ್ಲದ, ಗಾಡಿಯಿಂದ ಅಗ್ಗಕ್ಕೆ ಕೊಂಡ ಬೂಟನ್ನು ಡ್ರೂಸಿ ನೀರಿನ ಕಡೆಗೆ ತಿರುಗಿಸಿ ಇಟ್ಟಾಗ, ಮತ್ತೆ ಗಂಟಲು ಕಟ್ಟುತ್ತದೆಯೇ ಇಲ್ಲವೇ? ಕಟ್ಟಿದರೆ ಜಾರ್ಲತ್‌ನ ಬೂಟು ಬಾಗಿಲಲ್ಲೇ ಇರಲಿ. ಕಟ್ಟದಿದ್ದರೆ ನಾಳೆ ಬೆಳಿಗ್ಗೆಯೇ ತಿಪ್ಪೆಗೆ. ಅದನ್ನು ನೋಡದೆ ಅವಳು ಮನೆಯ ಬಾಗಿಲು ದಾಟುವುದು ಹೇಗೆ?

"ಕೊಡಿ," ಅಂದ ಗ್ಲಾಸ್‌ಮನ್. "ಮೇಲೆ ಟಾಬಿತಾ ನೋಡ್ತಾ ಇರ್ತಾಳೆ, ನಾನು ತಲೆ ತಗ್ಗಿಸ್ಕೊಂಡು ಹೋಗ್ತೀನಿ."

"ನಿಲ್ಲೋದೇ ಸರಿಯಾಗಿ ಬರಲ್ಲ ನಿಮಗೆ," ಅಂದಳು ವಿನಿ. "ಭುಜ ಇಳಿಸಿ. ಕತ್ತು ಒರೆಸ್ಕೊಳ್ಳಿ. ಚಳಿ ಅನ್ನೋ ಪದ ಮರೀರಿ."

ಗಂಟೆ ಹೊಡೆಯಿತು. ಸಿಗರೇಟಿನವರು ಬೆಂಕಿ ತುಳಿದು ಆರಿಸಿ ಬಾಗಿಲ ಕಡೆಗೆ ಹೊರಟರು. ಬಾಗಿಲಲ್ಲಿ ಟಿಕೆಟ್ ನೋಡುವವನು ಆಕಳಿಸುತ್ತಿದ್ದ. ಎರಡನೇ ಗಂಟೆ. ಇಬ್ಬರು ಮುದಿಗಳು, ಒಬ್ಬರ ಮೈಮೇಲೂ ಕೋಟಿಲ್ಲ, ಒಂದೇ ಟಿಕೆಟ್, ಸೆಕೆ ಸೆಕೆ ಎಂದು ಗಾಳಿ ಬೀಸಿಕೊಳ್ಳುತ್ತ ಆ ಗುಂಪಿನ ನಡುವೆ ಸೇರಿಕೊಂಡದ್ದನ್ನು ಪ್ರೆಟ್ಜೆಲ್ ಗಾಡಿಯವನು ಕಂಡ. ಆಮೇಲಿನದು ಅವನಿಗೆ ಕಾಣಲಿಲ್ಲ.

ಒಳಗೆ ಮುಂದಿನ ಸಾಲಿನಲ್ಲಿ ಖಾಲಿ ಇದ್ದದ್ದು ಒಂದೇ ಸೀಟು, ಅದರ ಮೇಲೆ ವಿನಿಯ ಹಬ್ಬದ ಕೋಟು. ಆಟ ಮುಗಿದಾಗ ಆ ಕೋಟನ್ನು ಯಾರು ಎತ್ತಿಕೊಂಡು ಬಂದರು, ಮತ್ತು ಜಾರ್ಲತ್‌ನ ಬೂಟಿನ ಮೂತಿ ಮರುದಿನ ಯಾವ ಕಡೆಗಿತ್ತು? ಆ ಬೂಟಿಗೆ ಬಂದವರು ಇವತ್ತಿಗೂ ಎಡವುತ್ತಾರೆ ಎಂದು ಆಗಲೇ ಹೇಳಿಯಾಗಿದೆ. ಇಷ್ಟು ಹೇಳಿದ ಮೇಲೂ ತಿಳಿಯದಿದ್ದರೆ ನೀವೂ ಇಂಟರ್ವಲ್ಲಿಗೇ ಎದ್ದು ಹೋಗುವವರು ಎಂದಾಯಿತು. ಹೇಳಿ ನೋಡೋಣ.